ದೆಹಲಿ ಹೆಸರಿನ ಕಿಣ್ವ: ನಾವು ಜಗಳವಾಡಿದ್ದು ಹೆಸರಿಗೆ, ಅದು ಹರಡಿದ್ದು ಚರಂಡಿಯಲ್ಲಿ

2010ರ ಆಗಸ್ಟ್ ತಿಂಗಳು. ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ದೆಹಲಿ ಸಿಂಗಾರ ಮಾಡಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿರುವ ಕಾರ್ಬಪೆನೆಮ್ ಎಂಬ ಆ್ಯಂಟಿಬಯಾಟಿಕ್‌ಗಳನ್ನೇ ಕತ್ತರಿಸಿ ಹಾಕುವ ಒಂದು ಕಿಣ್ವ ಭಾರತ, ಪಾಕಿಸ್ತಾನ ಮತ್ತು ಬ್ರಿಟನ್ನಿನ ರೋಗಿಗಳ ಬ್ಯಾಕ್ಟೀರಿಯಾಗಳಲ್ಲಿ ಸಿಕ್ಕಿದೆ ಎಂದು ಅದರಲ್ಲಿತ್ತು. ಕಿಣ್ವದ ಹೆಸರು ‘ನ್ಯೂ ಡೆಲ್ಲಿ ಮೆಟಲೋ-ಬೀಟಾ-ಲ್ಯಾಕ್ಟಮೇಸ್-1’. ಚಿಕ್ಕದಾಗಿ ಎನ್‌ಡಿಎಂ-1.

ಮುಂದೆ ಆದದ್ದು ಹಲವರಿಗೆ ನೆನಪಿರಬಹುದು. ಸಂಸತ್ತಿನಲ್ಲಿ ಸದ್ದಾಯಿತು. ಬಹುರಾಷ್ಟ್ರೀಯ ಕಂಪನಿಗಳ ಪಿತೂರಿ, ಭಾರತದ ವೈದ್ಯಕೀಯ ಪ್ರವಾಸೋದ್ಯಮವನ್ನು ಹಾಳು ಮಾಡುವ ಹುನ್ನಾರ ಎಂಬ ಮಾತುಗಳು ಬಂದವು. ಆರೋಗ್ಯ ಸಚಿವಾಲಯ ವರದಿಯನ್ನು ಖಂಡಿಸಿತು. ಟಿವಿ ಚಾನೆಲ್‌ಗಳಲ್ಲಿ ದೇಶದ ಮಾನದ ಚರ್ಚೆ ನಡೆಯಿತು. ಆ ಕಿಣ್ವ ಏನು ಮಾಡುತ್ತದೆ, ಎಲ್ಲಿಂದ ಬಂತು, ತಡೆಯೋದು ಹೇಗೆ ಅನ್ನುವ ಚರ್ಚೆ ಮಾತ್ರ ಪಕ್ಕಕ್ಕೆ ಸರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಮ್ಮ ಕತೆ.

ಆದರೆ ಮರುವರ್ಷವೇ, ಅಂದರೆ 2011ರಲ್ಲಿ, ಕೆನಡಾ, ಹಾಂಗ್‌ಕಾಂಗ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಈ ಕಿಣ್ವವನ್ನು ಹರಳುಗಟ್ಟಿಸಿ ಅದರ ಒಳಗಿನ ರಚನೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿಟ್ಟವು. ಆ ಚಿತ್ರವನ್ನು ಸರಿಯಾಗಿ ಓದಿದರೆ ಎರಡು ಸಂಗತಿ ಅರ್ಥವಾಗುತ್ತವೆ. ಒಂದು, ಈ ಕಿಣ್ವಕ್ಕೆ ಮದ್ದು ಹುಡುಕುವುದು ಯಾಕೆ ಇಷ್ಟು ಕಷ್ಟ. ಎರಡು, ಮದ್ದಿನಿಂದಷ್ಟೇ ಇದನ್ನು ಗೆಲ್ಲೋಕೆ ಯಾಕೆ ಆಗಲ್ಲ. ಇದು ಬರೀ ವಿಜ್ಞಾನದ ಪಾಠ ಅಲ್ಲ, ನೇರವಾಗಿ ನಮ್ಮ ರಾಜಕೀಯದ ಪ್ರಶ್ನೆ.

ಹೆಸರು ಬಂದದ್ದು ಹೇಗೆ?

ಮೊದಲು ಹೆಸರಿನ ಗಲಾಟೆ ಮುಗಿಸಿಬಿಡೋಣ. ಭಾರತ ಮೂಲದ, ಸ್ವೀಡನ್ನಿನಲ್ಲಿ ನೆಲೆಸಿದ್ದ 59 ವರ್ಷದ ವ್ಯಕ್ತಿಯೊಬ್ಬರು 2007ರ ಕೊನೆಯಲ್ಲಿ ಭಾರತಕ್ಕೆ ಬಂದಿದ್ದಾಗ ದೆಹಲಿಯ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದರು. 2008ರ ಜನವರಿಯಲ್ಲಿ ಸ್ವೀಡನ್ನಿಗೆ ಮರಳಿದ ಮೇಲೆ ಅವರ ಮೂತ್ರದ ಮಾದರಿಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯೂಮೋನಿಯೆ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕಾರ್ಬಪೆನೆಮ್‌ಗೂ ಅದು ಜಗ್ಗಲಿಲ್ಲ. ಕಾರಣ ಹುಡುಕಿದಾಗ ಅದುವರೆಗೆ ಯಾರೂ ಕಾಣದ ಕಿಣ್ವ ಪತ್ತೆಯಾಯಿತು. 2009ರಲ್ಲಿ ಆ ಸಂಶೋಧನೆ ಪ್ರಕಟವಾದಾಗ ದೆಹಲಿಯ ಹೆಸರು ಸೇರಿಕೊಂಡಿತು.

ಇದು ದೆಹಲಿಗೆ ಮಾತ್ರ ಮಾಡಿದ ಅವಮಾನವಾ? ಅಲ್ಲ. ಇದೇ ಗುಂಪಿನ ‘ವಿಮ್’ ಎಂಬ ಕಿಣ್ವದಲ್ಲಿ ಇಟಲಿಯ ವೆರೋನಾ ಇದೆ. ‘ಎಸ್‌ಪಿಎಂ’ನಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊ ಇದೆ. ‘ಜಿಮ್’ನಲ್ಲಿ ಜರ್ಮನಿ, ‘ಸಿಮ್’ನಲ್ಲಿ ಕೊರಿಯಾದ ಸೋಲ್ ನಗರ ಇದೆ. ಆ ಊರಿನವರು ಯಾರೂ ಬೀದಿಗಿಳಿಯಲಿಲ್ಲ. ಹಾಗಂತ ರೋಗಕ್ಕೋ ಬ್ಯಾಕ್ಟೀರಿಯಾಕ್ಕೋ ಊರಿನ ಹೆಸರು ಕಟ್ಟುವುದು ಒಳ್ಳೆಯ ಪದ್ಧತಿ ಅಂತಲೂ ಅಲ್ಲ. ಹೊಸ ರೋಗಗಳಿಗೆ ಊರು, ದೇಶದ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿತು. ಕೋವಿಡ್ ಕಾಲದಲ್ಲಿ ಒಂದು ದೇಶದ, ಒಂದು ಸಮುದಾಯದ ಹೆಸರನ್ನು ವೈರಸ್‌ಗೆ ಅಂಟಿಸಿದರೆ ಏನಾಗುತ್ತೆ ಅನ್ನೋದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. 2010ರ ಲೇಖನ ಬ್ರಿಟನ್ನಿನ ರೋಗಿಗಳಿಗೆ ಭಾರತದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು; ಅದನ್ನು ಟೀಕಿಸುವುದಕ್ಕೂ ಜಾಗವಿದೆ.

ಆದರೆ ಹೆಸರು ತಪ್ಪಿರಬಹುದು, ಅಂಕಿಅಂಶ ತಪ್ಪಾಗಿರಲಿಲ್ಲ. ಆ ಲೇಖನದ ಮೊದಲ ಲೇಖಕರಾದ ಕಾರ್ತಿಕೇಯನ್ ಕುಮಾರಸಾಮಿ ಮದ್ರಾಸ್ ವಿಶ್ವವಿದ್ಯಾಲಯದವರು. ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37, ಭಾರತ ಮತ್ತು ಪಾಕಿಸ್ತಾನದ ಇತರ ಕಡೆ 73 ಮಾದರಿಗಳಲ್ಲಿ ಎನ್‌ಡಿಎಂ-1 ಸಿಕ್ಕಿತ್ತು. ಅದಕ್ಕೂ ಮೊದಲೇ, 2010ರ ಮಾರ್ಚ್‌ನಲ್ಲಿ, ನಮ್ಮದೇ ವೈದ್ಯರ ಸಂಘದ ಪತ್ರಿಕೆಯಲ್ಲಿ ಮುಂಬೈನ ವೈದ್ಯರು ತಮ್ಮ ಆಸ್ಪತ್ರೆಯಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ 24 ಮಾದರಿಗಳಲ್ಲಿ 22ರಲ್ಲಿ ಎನ್‌ಡಿಎಂ-1 ಇದೆ ಎಂದು ಬರೆದಿದ್ದರು. ಆಗ ಯಾರಿಗೂ ದೇಶದ ಮಾನದ ನೆನಪಾಗಲಿಲ್ಲ. ವಿದೇಶಿ ಪತ್ರಿಕೆಯಲ್ಲಿ ಬಂದಾಗ ಮಾತ್ರ ಮೈಯೆಲ್ಲ ಉರಿಯಿತು.

ಗೋಡೆ ಕಟ್ಟುವವನ ಕೈ ಹಿಡಿಯುವ ಔಷಧ

ಈಗ ಕಿಣ್ವದ ಒಳಗೆ ಹೋಗೋಣ. ಅದಕ್ಕೆ ಮೊದಲು ಪೆನಿಸಿಲಿನ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರಬೇಕು.

ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ಮೀನಿನ ಬಲೆಯ ಹಾಗೆ ಎಳೆ ಎಳೆಯಾಗಿ ಹೆಣೆದ ಗೋಡೆ. ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಲು ಬ್ಯಾಕ್ಟೀರಿಯಾದ ಬಳಿ ಕೆಲಸಗಾರ ಪ್ರೋಟೀನ್‌ಗಳಿವೆ. ಗಂಟು ಬೀಳುವ ತುದಿ ಹೇಗಿರುತ್ತದೋ ಪೆನಿಸಿಲಿನ್ ಅಣುವಿನ ಆಕಾರ ಸರಿಸುಮಾರು ಹಾಗೇ ಇದೆ. ಕೆಲಸಗಾರ ಪ್ರೋಟೀನ್ ಮೋಸಹೋಗಿ ಪೆನಿಸಿಲಿನ್ನನ್ನು ಹಿಡಿದುಕೊಳ್ಳುತ್ತದೆ. ಹಿಡಿದದ್ದೇ ತಡ, ಅದಕ್ಕೇ ಅಂಟಿಕೊಂಡು ಕೂರುತ್ತದೆ. ಗಂಟು ಹಾಕುವವರಿಲ್ಲದೆ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಈ ಬಗೆಯ ಗೋಡೆಯೇ ಇಲ್ಲ, ಹಾಗಾಗಿ ನಮಗೆ ತೊಂದರೆಯಿಲ್ಲ.

ಪೆನಿಸಿಲಿನ್ನಿಗೆ ಈ ಅಂಟು ಶಕ್ತಿ ಬರುವುದು ಅದರ ಮಧ್ಯದಲ್ಲಿರುವ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರದಿಂದ. ಅದರ ಹೆಸರು ಬೀಟಾ-ಲ್ಯಾಕ್ಟಮ್. ಹೆದೆಯೇರಿಸಿದ ಬಿಲ್ಲಿನ ಹಾಗೆ ಬಿಗಿದುಕೊಂಡಿರುವ ಉಂಗುರ ಅದು. ಅವಕಾಶ ಸಿಕ್ಕರೆ ಪಟ್ಟನೆ ಬಿಚ್ಚಿಕೊಂಡು ಹಿಡಿದವರಿಗೆ ಅಂಟಿಕೊಳ್ಳುತ್ತದೆ. ಪೆನಿಸಿಲಿನ್‌ನಲ್ಲಿ ಇಂಥ ಉಂಗುರ ಇದೆ ಅನ್ನೋದನ್ನು 1945ರಲ್ಲಿ ಎಕ್ಸ್-ರೇ ಬಳಸಿ ಸಾಬೀತು ಮಾಡಿದವರು ಬ್ರಿಟನ್ನಿನ ಡೊರೊಥಿ ಹಾಡ್ಜ್‌ಕಿನ್. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೋಸ್ಪೊರಿನ್‌ಗಳು, ಐಸಿಯುನಲ್ಲಿ ಕೊಡುವ ಮೆರೊಪೆನೆಮ್, ಇವೆಲ್ಲ ಬೇರೆ ಬೇರೆ ಅಂಗಿ ತೊಟ್ಟ ಒಂದೇ ಉಂಗುರದ ಮಕ್ಕಳು.

ಉಂಗುರ ಮುರಿದರೆ? ಔಷಧ ಸತ್ತಂತೆ. ಬ್ಯಾಕ್ಟೀರಿಯಾಗಳ ಉಪಾಯ ಇದೇ. ಉಂಗುರ ಮುರಿಯುವ ಕಿಣ್ವಗಳ ಸಾಮಾನ್ಯ ಹೆಸರು ಬೀಟಾ-ಲ್ಯಾಕ್ಟಮೇಸ್. ಇಂಥದ್ದೊಂದು ಕಿಣ್ವ ಇದೆ ಅಂತ ಅಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ಬರೆದದ್ದು 1940ರಲ್ಲಿ. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದೇ ಇರಲಿಲ್ಲ! ಮದ್ದಿಗಿಂತ ಮೊದಲೇ ಮದ್ದಿಗೆ ಮದ್ದು ಪ್ರಕೃತಿಯಲ್ಲಿತ್ತು. ಆಮೇಲಿನ ಎಂಬತ್ತು ವರ್ಷ ನಡೆದದ್ದು ಇದೇ ಹಗ್ಗಜಗ್ಗಾಟ.

ಕಿಣ್ವವನ್ನು ಹರಳು ಮಾಡುವುದು

ಕಿಣ್ವ ಅಂದರೆ ಒಂದು ಪ್ರೋಟೀನ್. ಎಂಥ ಮೈಕ್ರೋಸ್ಕೋಪ್ ಹಿಡಿದು ನೋಡಿದರೂ ಮಾಮೂಲಿ ಬೆಳಕಿನಲ್ಲಿ ಅದರ ಪರಮಾಣುಗಳು ಕಾಣಲ್ಲ. ಅದಕ್ಕೆ ವಿಜ್ಞಾನಿಗಳು ಹಿಡಿಯುವ ದಾರಿ ಹರಳುಗಟ್ಟಿಸುವುದು. ಎನ್‌ಡಿಎಂ-1ರ ಜೀನನ್ನು ಪ್ರಯೋಗಾಲಯದ ಸಾಧು ಬ್ಯಾಕ್ಟೀರಿಯಾ ಒಂದಕ್ಕೆ ಹಾಕಿ ಕಿಣ್ವವನ್ನು ಬೆಳೆಸುತ್ತಾರೆ. ಶುದ್ಧ ಮಾಡಿ, ಹನಿ ಹನಿಯಾಗಿ ಬೇರೆ ಬೇರೆ ದ್ರಾವಣಗಳಲ್ಲಿ ಇಟ್ಟು ಕಾಯುತ್ತಾರೆ. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟಿದ ಹಾಗೆ, ಅದೃಷ್ಟವಿದ್ದರೆ, ಕೋಟ್ಯಂತರ ಕಿಣ್ವದ ಅಣುಗಳು ಸಾಲಾಗಿ ಜೋಡಿಸಿಕೊಂಡು ಸಣ್ಣ ಹರಳಾಗುತ್ತವೆ. ಆ ಹರಳಿನ ಮೂಲಕ ಪ್ರಬಲ ಎಕ್ಸ್-ರೇ ಹಾಯಿಸಿದರೆ ಕಿರಣಗಳು ಚದುರಿ ಸಾವಿರಾರು ಚುಕ್ಕೆಗಳ ವಿನ್ಯಾಸ ಮೂಡುತ್ತದೆ. ಆ ಚುಕ್ಕೆಗಳಿಂದ ಲೆಕ್ಕ ಹಾಕಿ ಯಾವ ಪರಮಾಣು ಎಲ್ಲಿದೆ ಅಂತ ನಕ್ಷೆ ಬರೆಯುತ್ತಾರೆ. ಅಳತೆ ಆಂಗ್‌ಸ್ಟ್ರಾಮ್‌ನಲ್ಲಿ. ಅಂದರೆ ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು.

ಹೀಗೆ ಬರೆದ ನಕ್ಷೆ ಸರಿಯೋ ತಪ್ಪೋ ಅಂತ ನೋಡಲು ಇಡೀ ಜಗತ್ತು ಇವತ್ತಿಗೂ ಬಳಸುವ ಒರೆಗಲ್ಲು ‘ರಾಮಚಂದ್ರನ್ ಪ್ಲಾಟ್’. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಸಾಧ್ಯವಿಲ್ಲ ಎಂದು ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು 1963ರಲ್ಲಿ ತೋರಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ. ಅವರೇ ಮುಂದೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಎನ್‌ಡಿಎಂ-1 ಹರಡಿದೆ ಎಂದು ಎಚ್ಚರಿಸಿದ ಲೇಖನದ ಮೊದಲ ಲೇಖಕ ಅದೇ ಮದ್ರಾಸ್ ವಿಶ್ವವಿದ್ಯಾಲಯದವರು ಅನ್ನೋದು ನೆನಪಿರಲಿ. ಈ ವಿಜ್ಞಾನ ಯಾರೋ ಹೊರಗಿನವರು ನಮ್ಮ ಮೇಲೆ ಹೊರಿಸಿದ ಆರೋಪ ಅಲ್ಲ. ಇದರ ಅಡಿಪಾಯದಲ್ಲಿ ನಮ್ಮ ಕಲ್ಲುಗಳೂ ಇವೆ.

ಎರಡು ಸತುವಿನ ಕಣ, ಒಂದು ಹನಿ ನೀರು

ಹಾಗಾದರೆ ಹರಳಿನೊಳಗೆ ಕಂಡದ್ದೇನು?

ಎನ್‌ಡಿಎಂ-1 ಎಂದರೆ 270 ಅಮೈನೋ ಆಮ್ಲಗಳ ಒಂದು ಸರಪಳಿ. ಅದು ಮಡಚಿಕೊಂಡಾಗ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಕಾಣುತ್ತದೆ. ಹೊರಗಡೆ ಸುರುಳಿಗಳು. ಹಾಳೆಗಳ ಒಂದು ಅಂಚಿನಲ್ಲಿ ಒಂದು ಗುಳಿ. ಎಲ್ಲ ಕೆಲಸ ನಡೆಯುವುದು ಆ ಗುಳಿಯಲ್ಲಿ.

ಗುಳಿಯ ತಳದಲ್ಲಿ ಸತುವಿನ ಎರಡು ಅಯಾನುಗಳು ಕೂತಿವೆ. ಹೌದು, ತಗಡಿನ ಶೀಟಿಗೆ ಲೇಪಿಸುತ್ತಾರಲ್ಲ, ಅದೇ ಸತು. ಮೊದಲನೆಯದನ್ನು 120, 122 ಮತ್ತು 189ನೇ ಸ್ಥಾನದ ಮೂರು ಹಿಸ್ಟಿಡಿನ್‌ಗಳು ಹಿಡಿದುಕೊಂಡಿವೆ. ಎರಡನೆಯದನ್ನು 124ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ, 208ನೇ ಸ್ಥಾನದ ಸಿಸ್ಟೀನ್ ಮತ್ತು 250ನೇ ಸ್ಥಾನದ ಹಿಸ್ಟಿಡಿನ್ ಹಿಡಿದಿವೆ. ಎರಡು ಸತುವಿನ ನಡುವೆ ನೀರಿನ ಒಂದು ಅಣು, ಒಂದು ಹೈಡ್ರೋಜನ್ ಕಳೆದುಕೊಂಡು ಹೈಡ್ರಾಕ್ಸೈಡ್ ಆಗಿ ಸಿಕ್ಕಿಕೊಂಡಿದೆ. ಮಾಮೂಲಿ ನೀರು ಔಷಧವನ್ನು ಅಷ್ಟು ಬೇಗ ಮುರಿಯಲಾರದು. ಸತುವಿನ ಜೊತೆ ಸೇರಿದ ಈ ನೀರು ಮಾತ್ರ ಮಹಾ ಚುರುಕು.

ಔಷಧ ಗುಳಿಯೊಳಗೆ ಬಂತು ಅಂದುಕೊಳ್ಳಿ. ಮೊದಲ ಸತು ಉಂಗುರದ ಆಮ್ಲಜನಕವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪಕ್ಕದ ಇಂಗಾಲ ಬಯಲಾಗುತ್ತದೆ. ಕಾಯುತ್ತಿದ್ದ ಹೈಡ್ರಾಕ್ಸೈಡ್ ಅದರ ಮೇಲೆ ಎರಗುತ್ತದೆ. ಇಂಗಾಲ ಮತ್ತು ಸಾರಜನಕದ ನಡುವಿನ ಬಂಧ ಮುರಿಯುತ್ತದೆ. ಮುರಿದ ತುದಿಯ ಸಾರಜನಕವನ್ನು ಎರಡನೇ ಸತು ಸಂಭಾಳಿಸುತ್ತದೆ. ಬಿಲ್ಲಿನ ಹೆದೆ ಬಿಚ್ಚಿತು, ಉಂಗುರ ಬಾಯಿ ತೆರೆಯಿತು, ಔಷಧ ಕೆಲಸಕ್ಕೆ ಬಾರದ ಕಸವಾಗಿ ಹೊರಬಿತ್ತು. ಕಿಣ್ವಕ್ಕೆ ಏನೂ ಆಗಲಿಲ್ಲ. ಮುಂದಿನ ಅಣುವಿಗೆ ಅದು ಸಿದ್ಧ. ಆಂಪಿಸಿಲಿನ್ ಮುರಿದ ಮೇಲೂ ಗುಳಿಯಲ್ಲೇ ಕೂತಿರುವ ಸ್ಥಿತಿಯ ಹರಳಿನ ಚಿತ್ರವೇ ನಮ್ಮ ಬಳಿ ಇದೆ. ಕೊಲೆಯಾದ ಜಾಗದಲ್ಲೇ ತೆಗೆದ ಫೋಟೋ ಅನ್ನಿ.

ಇನ್ನೂ ಒಂದು ಸಂಗತಿ ಹರಳಿನಲ್ಲಿ ಕಂಡಿತು. ಈ ಗುಳಿಯ ಬಾಯಿ ಅಗಲ. ಅದರ ಅಂಚಿನ ಸರಪಳಿಯ ಕುಣಿಕೆಗಳು ಬಿಗಿಯಾಗಿಲ್ಲ, ಬಂದ ಅಣುವಿನ ಅಳತೆಗೆ ತಕ್ಕ ಹಾಗೆ ಸರಿದು ಜಾಗ ಕೊಡುತ್ತವೆ. ಅದಕ್ಕೇ ಪೆನಿಸಿಲಿನ್ ಬಂದರೂ ಸರಿ, ಸೆಫಲೋಸ್ಪೊರಿನ್ ಬಂದರೂ ಸರಿ, ಮೆರೊಪೆನೆಮ್ ಬಂದರೂ ಸರಿ, ಎನ್‌ಡಿಎಂ-1 ಎಲ್ಲವನ್ನೂ ನುಂಗುತ್ತದೆ. ಹಳೆಯ ಬೀಟಾ-ಲ್ಯಾಕ್ಟಮೇಸ್‌ಗಳಲ್ಲಿ ಹಲವು ಒಂದೆರಡು ಬಗೆಯ ಔಷಧಕ್ಕಷ್ಟೇ ಬಾಯಿ ಹಾಕುತ್ತಿದ್ದವು. ಇದು ಹಾಗಲ್ಲ.

ದಾರದಲ್ಲಿ ಕಟ್ಟಿದ ಕತ್ತರಿ

ಸತು ಇಲ್ಲದಿದ್ದರೆ ಈ ಕಿಣ್ವ ನಿಷ್ಪ್ರಯೋಜಕ. ಇದು ನಮ್ಮ ದೇಹಕ್ಕೂ ‘ಗೊತ್ತು’. ಸೋಂಕು ತಗುಲಿದ ಜಾಗಕ್ಕೆ ಬರುವ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಬಿಡುಗಡೆ ಮಾಡಿ ಸುತ್ತಲಿನ ಸತುವನ್ನೆಲ್ಲ ಹೀರಿಕೊಳ್ಳುತ್ತವೆ. ಬ್ಯಾಕ್ಟೀರಿಯಾವನ್ನು ಉಪವಾಸ ಕೆಡಹುವ ತಂತ್ರ ಇದು. ಇದೇ ಗುಂಪಿನ ಬೇರೆ ಕಿಣ್ವಗಳು ಸತು ಸಿಗದೆ ಹಾಳಾಗುತ್ತವೆ. ಎನ್‌ಡಿಎಂ-1 ಮಾತ್ರ ತಡೆದುಕೊಳ್ಳುತ್ತದೆ. ಹೇಗೆ?

ಅರ್ಜೆಂಟೀನಾದ ರೊಸಾರಿಯೊ ನಗರದ ವಿಜ್ಞಾನಿಗಳ ತಂಡ 2016ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಇತರ ಕಿಣ್ವಗಳು ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗದಲ್ಲಿ ತೇಲಾಡುತ್ತಿರುತ್ತವೆ. ಎನ್‌ಡಿಎಂ-1 ತೇಲಾಡುವುದಿಲ್ಲ. ಅದರ ತುದಿಯ ಸಿಸ್ಟೀನಿಗೆ ಕೊಬ್ಬಿನ ಒಂದು ಬಾಲ ಇದೆ. ಅದರ ಮೂಲಕ ಹೊರಪೊರೆಗೆ ಕಟ್ಟಿಕೊಂಡಿರುತ್ತದೆ. ಹೀಗೆ ಕಟ್ಟಿಕೊಂಡಿದ್ದರಿಂದ ಸತು ಕಡಿಮೆಯಾದಾಗಲೂ ಅದು ಬೇಗ ನಾಶವಾಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಬ್ಯಾಕ್ಟೀರಿಯಾಗಳು ಹೊರಪೊರೆಯಿಂದ ಸಣ್ಣ ಗುಳ್ಳೆಗಳನ್ನು ಹೊರಗೆ ಬಿಡುತ್ತಿರುತ್ತವೆ. ಪೊರೆಗೆ ಕಟ್ಟಿಕೊಂಡ ಎನ್‌ಡಿಎಂ-1 ಆ ಗುಳ್ಳೆಗಳ ಜೊತೆ ಹೊರಗೆ ಹೋಗುತ್ತದೆ. ತನ್ನನ್ನು ಹೊತ್ತ ಬ್ಯಾಕ್ಟೀರಿಯಾವನ್ನಷ್ಟೇ ಅಲ್ಲ, ಪಕ್ಕದಲ್ಲಿರುವ, ಈ ಕಿಣ್ವವೇ ಇಲ್ಲದ ಬ್ಯಾಕ್ಟೀರಿಯಾವನ್ನೂ ಅದು ಔಷಧದಿಂದ ಕಾಪಾಡಬಲ್ಲದು.

ಅಷ್ಟಕ್ಕೇ ನಿಂತಿಲ್ಲ. ಎನ್‌ಡಿಎಂನ ಹೊಸ ಹೊಸ ರೂಪಾಂತರಗಳು ಬರುತ್ತಲೇ ಇವೆ. ಅವುಗಳಲ್ಲಿ ಕೆಲವು ಸತುವನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳಲು ಕಲಿತಿವೆ.

ಮದ್ದು ಯಾಕೆ ಕಷ್ಟ?

ಬೀಟಾ-ಲ್ಯಾಕ್ಟಮೇಸ್‌ಗಳನ್ನು ತಡೆಯುವ ಔಷಧಗಳು ನಮ್ಮ ಬಳಿ ಇಲ್ಲವೇ? ಇವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಸೇರಿಸಿದ ಮಾತ್ರೆ ಮನೆಮನೆಗೂ ಗೊತ್ತು. ಅದು ಹಾಗೂ ಅವಿಬ್ಯಾಕ್ಟಮ್‌ನಂಥ ಹೊಸ ಔಷಧ ಗುರಿಯಿಡುವುದು ಸೆರೀನ್ ಎಂಬ ಅಮೈನೋ ಆಮ್ಲದಿಂದ ಕೆಲಸ ಮಾಡುವ ಕಿಣ್ವಗಳಿಗೆ. ಆ ಸೆರೀನಿಗೇ ಅಂಟಿಕೊಂಡು ಕಿಣ್ವದ ಬಾಯಿ ಮುಚ್ಚಿಸುತ್ತವೆ. ಎನ್‌ಡಿಎಂ-1ರ ಗುಳಿಯಲ್ಲಿ ಆ ಕೆಲಸದ ಸೆರೀನೇ ಇಲ್ಲ. ಅಲ್ಲಿರುವುದು ಸತು ಮತ್ತು ನೀರು. ಅಂಟಿಕೊಳ್ಳೋಕೆ ಏನೂ ಸಿಗದೆ ಈ ಔಷಧಗಳು ಜಾರಿಹೋಗುತ್ತವೆ.

ಸತುವನ್ನೇ ಕಿತ್ತುಕೊಂಡರೆ ಆಗಲ್ವಾ? 2014ರಲ್ಲಿ ಕೆನಡಾದ ಸಂಶೋಧಕರು ಮಣ್ಣಿನ ಶಿಲೀಂಧ್ರವೊಂದರಿಂದ ಆಸ್ಪರ್ಜಿಲೊಮರಾಸ್ಮಿನ್-ಎ ಎಂಬ ಅಣು ತೆಗೆದು ಅದನ್ನೇ ಮಾಡಿ ತೋರಿಸಿದರು. ಇಲಿಗಳಲ್ಲಿ ಮೆರೊಪೆನೆಮ್ ಮತ್ತೆ ಕೆಲಸ ಮಾಡಿತು. ಆದರೆ ಮನುಷ್ಯರಿಗೆ ಕೊಡುವಾಗ ಒಂದು ತೊಡಕು. ಸತು ನಮ್ಮ ದೇಹದ ನೂರಾರು ಪ್ರೋಟೀನ್‌ಗಳಿಗೂ ಬೇಕು. ಎನ್‌ಡಿಎಂ ಮಡಚಿಕೊಂಡಿರುವ ಬಗೆಯಲ್ಲೇ ಮಡಚಿಕೊಂಡ ಕಿಣ್ವಗಳು ನಮ್ಮ ಜೀವಕೋಶಗಳಲ್ಲೂ ಇವೆ. ಕಳ್ಳನಿಂದ ಕಿತ್ತುಕೊಳ್ಳೋಕೆ ಹೋಗಿ ಮನೆಯವರಿಂದಲೂ ಕಿತ್ತುಕೊಂಡರೆ ಕಷ್ಟ.

ಕಿಣ್ವದ ಒಂದು ದೌರ್ಬಲ್ಯ ಮಾತ್ರ ಗೊತ್ತಿದೆ. ಬೀಟಾ-ಲ್ಯಾಕ್ಟಮ್‌ಗಳಲ್ಲೇ ಅಜ್‌ಟ್ರಿಯೋನಮ್ ಎಂಬ ಹಳೆಯ ಔಷಧವನ್ನು ಎನ್‌ಡಿಎಂ-1 ಸರಿಯಾಗಿ ಮುರಿಯಲಾರದು. ಆದರೆ ಎನ್‌ಡಿಎಂ ಹೊತ್ತ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಸೆರೀನ್ ಬಗೆಯ ಕಿಣ್ವಗಳನ್ನೂ ಹೊತ್ತಿರುತ್ತವೆ, ಅವು ಅಜ್‌ಟ್ರಿಯೋನಮ್ಮನ್ನು ಮುರಿಯುತ್ತವೆ. ಹಾಗಾಗಿ ಅಜ್‌ಟ್ರಿಯೋನಮ್ ಮತ್ತು ಅವಿಬ್ಯಾಕ್ಟಮ್ ಎರಡನ್ನೂ ಸೇರಿಸಿ ಕೊಡುವ ಉಪಾಯ ಬಂತು. ಈ ಜೋಡಿಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿತು. ಭಾರತದ ವೋಕಾರ್ಟ್ ಕಂಪನಿ ಇನ್ನೊಂದು ದಾರಿ ಹಿಡಿದಿದೆ. ಕಿಣ್ವದ ಗೊಡವೆಗೇ ಹೋಗದೆ, ಗೋಡೆ ಕಟ್ಟುವ ಇನ್ನೊಬ್ಬ ಕೆಲಸಗಾರ ಪ್ರೋಟೀನಿಗೆ ಗುರಿಯಿಡುವ ಜಿಡೆಬ್ಯಾಕ್ಟಮ್ ಅದರದ್ದು.

ಬ್ಯಾಕ್ಟೀರಿಯಾ ಸುಮ್ಮನೆ ಕೂತಿಲ್ಲ. ಭಾರತದ ಎನ್‌ಡಿಎಂ ಹೊತ್ತ ಇ. ಕೋಲೈಗಳಲ್ಲಿ ಹಲವು ತಮ್ಮ ಗೋಡೆ ಕಟ್ಟುವ ಪ್ರೋಟೀನಿನಲ್ಲಿ ನಾಲ್ಕು ಅಮೈನೋ ಆಮ್ಲ ಹೆಚ್ಚುವರಿಯಾಗಿ ಸೇರಿಸಿಕೊಂಡಿವೆ. ಅದರಿಂದ ಅಜ್‌ಟ್ರಿಯೋನಮ್ಮಿನ ಹಿಡಿತವೂ ಸಡಿಲವಾಗುತ್ತಿದೆ. ಮಾರುಕಟ್ಟೆಯ ಕತೆಯೂ ಇದೆ. ಹೊಸ ಆ್ಯಂಟಿಬಯಾಟಿಕ್ಕನ್ನು ಕಡಿಮೆ ಬಳಸಬೇಕು. ಕಡಿಮೆ ಬಳಸಿದರೆ ಕಂಪನಿಗೆ ಲಾಭವಿಲ್ಲ. ಪ್ಲಾಜೊಮೈಸಿನ್ ಎಂಬ ಹೊಸ ಔಷಧಕ್ಕೆ 2018ರಲ್ಲಿ ಅನುಮತಿ ಪಡೆದ ಅಮೆರಿಕದ ಅಚಾವೊಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಲಾಭ ನೋಡಿಕೊಂಡು ನಡೆಯುವ ಮಾರುಕಟ್ಟೆ ನಮ್ಮನ್ನು ಕಾಪಾಡುತ್ತೆ ಅಂತ ನಂಬಿ ಕೂರೋದು ಹೇಗೆ?

ಇದು ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದ ನೆವಾಡಾದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ತೀರಿಕೊಂಡರು. ಅದಕ್ಕೂ ಮೊದಲು ಭಾರತದಲ್ಲಿದ್ದಾಗ ತೊಡೆಮೂಳೆ ಮುರಿದು ಹಲವು ಸಲ ಆಸ್ಪತ್ರೆ ಸೇರಿದ್ದರು. ಅವರ ದೇಹದಲ್ಲಿದ್ದ ಎನ್‌ಡಿಎಂ ಹೊತ್ತ ಕ್ಲೆಬ್ಸಿಯೆಲ್ಲಾ ಪರೀಕ್ಷಿಸಿದ 26 ಆ್ಯಂಟಿಬಯಾಟಿಕ್‌ಗಳಲ್ಲಿ ಒಂದಕ್ಕೂ ಬಗ್ಗಲಿಲ್ಲ. ಅವರ ಸಾವು ಸುದ್ದಿಯಾಯಿತು. ನಮ್ಮಲ್ಲಿ ಹೀಗೆ ಸಾಯುವವರು ಸುದ್ದಿಯಾಗುವುದಿಲ್ಲ. ಮರಣ ಪತ್ರದಲ್ಲಿ ‘ಸೆಪ್ಸಿಸ್’ ಅಂತಲೋ ‘ಹೃದಯಾಘಾತ’ ಅಂತಲೋ ಬರೆದು ಮುಗಿಸಿದರೆ ಲೆಕ್ಕಕ್ಕೇ ಸಿಗುವುದಿಲ್ಲ.

ಜೀನು ನೀರಿನಲ್ಲಿ ಹರಿಯುತ್ತದೆ

ಎನ್‌ಡಿಎಂ-1ರ ನಿಜವಾದ ಅಪಾಯ ಆ ಗುಳಿಯಲ್ಲಷ್ಟೇ ಇಲ್ಲ, ಅದರ ಜೀನ್ ಕೂತಿರುವ ಜಾಗದಲ್ಲೂ ಇದೆ. ಈ ಜೀನ್ ಹೆಚ್ಚಾಗಿ ಇರುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯಲ್ಲಿ. ಬ್ಯಾಕ್ಟೀರಿಯಾಗಳು ಈ ಬಳೆಯ ನಕಲನ್ನು ಒಂದಕ್ಕೊಂದು ಕೊಡುತ್ತವೆ. ಜಾತಿ ನೋಡಲ್ಲ, ಕುಲ ನೋಡಲ್ಲ! ಕ್ಲೆಬ್ಸಿಯೆಲ್ಲಾದಿಂದ ಇ. ಕೋಲೈಗೆ, ಇ. ಕೋಲೈನಿಂದ ಇನ್ನೊಂದಕ್ಕೆ. ಅದೇ ಬಳೆಯಲ್ಲಿ ಬೇರೆ ಔಷಧಗಳನ್ನು ತಡೆಯುವ ಜೀನ್‌ಗಳೂ ಇರುತ್ತವೆ. ಒಂದು ಸಲಕ್ಕೆ ಇಡೀ ಗಂಟು ಕೈ ಬದಲಾಗುತ್ತದೆ.

ಈ ಕೊಡುಕೊಳ್ಳುವಿಕೆ ನಡೆಯುವುದು ಎಲ್ಲಿ? ಆಸ್ಪತ್ರೆಯಲ್ಲಿ ಮಾತ್ರವಲ್ಲ. 2010ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೆಹಲಿಯ ಬೀದಿಗಳಿಂದ 171 ನಿಂತ ನೀರು ಮತ್ತು ಹಳ್ಳದ ನೀರಿನ ಮಾದರಿ, 50 ನಲ್ಲಿ ನೀರಿನ ಮಾದರಿ ಸಂಗ್ರಹಿಸಿ ಪರೀಕ್ಷಿಸಲಾಯಿತು. 51 ನಿಂತ ನೀರಿನ ಮಾದರಿಗಳಲ್ಲಿ, 2 ನಲ್ಲಿ ನೀರಿನ ಮಾದರಿಗಳಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಕಾಲರಾ ಮತ್ತು ಆಮಶಂಕೆ ತರುವ ಬ್ಯಾಕ್ಟೀರಿಯಾಗಳಲ್ಲೂ ಇತ್ತು. ಜೀನ್ ಹಸ್ತಾಂತರ ಚೆನ್ನಾಗಿ ನಡೆದದ್ದು 30 ಡಿಗ್ರಿ ಉಷ್ಣಾಂಶದಲ್ಲಿ. ನಮ್ಮ ಊರುಗಳ ಚರಂಡಿಗೆ ಮಳೆಗಾಲದಲ್ಲಿ ಇರುವ ಬೆಚ್ಚಗೆ ಅಷ್ಟೇ. ಈ ಅಧ್ಯಯನ 2011ರಲ್ಲಿ ಪ್ರಕಟವಾದಾಗಲೂ ಅಧಿಕಾರಿಗಳು ಮಾಡಿದ ಮೊದಲ ಕೆಲಸ ಮಾದರಿ ಸಂಗ್ರಹಿಸಿದ ರೀತಿಯನ್ನು ಪ್ರಶ್ನಿಸಿದ್ದು. ನಲ್ಲಿಯಲ್ಲಿ ಚರಂಡಿ ನೀರು ಬೆರೆಯುತ್ತಿದೆ ಎಂಬ ಸುದ್ದಿಗಿಂತ ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದವರು ಯಾರು ಎಂಬುದು ದೊಡ್ಡ ಪ್ರಶ್ನೆಯಾಯಿತು.

ಚರಂಡಿಗೆ ಜೀನ್ ಬಂದರಷ್ಟೇ ಸಾಲದು, ಅದು ಉಳಿದು ಬೆಳೆಯೋಕೆ ಔಷಧದ ಒತ್ತಡವೂ ಬೇಕು. ಅದನ್ನೂ ನಾವೇ ಕೊಟ್ಟಿದ್ದೇವೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರು ಸಂಸ್ಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದೆ ಎಂದು 2007ರಲ್ಲೇ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದ್ದರು. ಅದು ಚಿಕಿತ್ಸೆಯಲ್ಲಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಕಾರ್ಖಾನೆಗಳ ತ್ಯಾಜ್ಯದಲ್ಲಿ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಅಂತ ಮಿತಿ ಹಾಕಲು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಕರಡು ನಿಯಮ ತಂದಿತು. 2021ರಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳೇ ಮಾಯ! ಈ ಸಲ ಟಿವಿಯಲ್ಲಿ ದೇಶದ ಮಾನದ ಚರ್ಚೆ ನಡೆಯಲಿಲ್ಲ.

ಹಾಗಾದರೆ ಏನೂ ಆಗಿಲ್ಲವೇ?

ಆಗಿದೆ, ಒಪ್ಪಿಕೊಳ್ಳಬೇಕು. ವೈದ್ಯರ ಸಂಘಟನೆಗಳು ಸೇರಿ 2012ರಲ್ಲಿ ‘ಚೆನ್ನೈ ಘೋಷಣೆ’ ಹೊರಡಿಸಿದವು. 2014ರ ಮಾರ್ಚ್‌ನಿಂದ ಕಾರ್ಬಪೆನೆಮ್ ಸೇರಿದಂತೆ ಹಲವು ಆ್ಯಂಟಿಬಯಾಟಿಕ್‌ಗಳು ಎಚ್1 ಪಟ್ಟಿಗೆ ಬಂದವು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೆ ದಾಖಲೆ ಇಡಬೇಕು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. ಕೊನೆಯ ಅಸ್ತ್ರಗಳಲ್ಲಿ ಒಂದಾದ ಕೊಲಿಸ್ಟಿನ್ನನ್ನು ಕೋಳಿ, ಮೀನು, ದನಗಳಿಗೆ ಕೊಡುವುದನ್ನು 2019ರಲ್ಲಿ ನಿಷೇಧಿಸಲಾಯಿತು. 2010ರಲ್ಲಿ ಕಿರಿಕಿರಿಯಾದ ಸತ್ಯವೇ ಇದಕ್ಕೆಲ್ಲ ದಾರಿ ಮಾಡಿದ್ದು ಅನ್ನೋದನ್ನು ಮರೆಯಬಾರದು.

ಆದರೆ ಆರೋಗ್ಯ ರಾಜ್ಯಗಳ ವಿಷಯ. ಕೇಂದ್ರದ ಯೋಜನೆಗೆ ರಾಜ್ಯಗಳಲ್ಲಿ ಹಣ, ಸಿಬ್ಬಂದಿ, ಪ್ರಯೋಗಾಲಯ ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಕೇರಳ 2018ರಲ್ಲೇ ತನ್ನದೇ ಯೋಜನೆ ಮಾಡಿಕೊಂಡಿತು. 2024ರಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ದಾಳಿ ನಡೆಸಿತು. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ‘ಅಣ್ಣಾ, ಜ್ವರಕ್ಕೆ ಒಂದು ಆ್ಯಂಟಿಬಯಾಟಿಕ್ ಕೊಡಿ’ ಅಂದರೆ ಏನಾಗುತ್ತೆ ಅಂತ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಮಾತ್ರೆ ಕೊಳ್ಳುವವರ ತಲೆಗೆ ಕಟ್ಟುವುದೂ ಸುಲಭದ ದಾರಿಯೇ. ದಿನಗೂಲಿಯವರು ವೈದ್ಯರ ಫೀಸು ಕೊಟ್ಟು, ಅರ್ಧ ದಿನದ ಕೂಲಿ ಕಳೆದುಕೊಂಡು ಚೀಟಿ ಬರೆಸಿಕೊಳ್ಳುವ ಬದಲು ನೇರವಾಗಿ ಅಂಗಡಿಗೆ ಹೋಗೋದು ಅಜ್ಞಾನದಿಂದ ಮಾತ್ರ ಅಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಸಿಗಬೇಕು, ಸೋಂಕು ಯಾವುದು ಅಂತ ಪರೀಕ್ಷೆ ಮಾಡುವ ಲ್ಯಾಬ್ ಇರಬೇಕು, ಆಮೇಲೆ ಶಿಸ್ತಿನ ಮಾತು.

2019ರಲ್ಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸೋಂಕುಗಳಿಂದಲೇ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು ಎಂಬುದು ಅಂತಾರಾಷ್ಟ್ರೀಯ ಅಧ್ಯಯನವೊಂದರ ಅಂದಾಜು. ಅದರಲ್ಲಿ ಭಾರತದ ಪಾಲು ಸುಮಾರು 3 ಲಕ್ಷ. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿಗೆ ಹೆಚ್ಚಾಗಿ ಕಾರಣವಾದ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ. 82ರಷ್ಟು ಹಲವು ಔಷಧಗಳಿಗೆ ಬಗ್ಗದಂಥವು. ಹುಟ್ಟಿ ಮೂರು ದಿನವಾಗದ ಮಗು ಯಾವ ಮೆಡಿಕಲ್ ಶಾಪಿಗೂ ಹೋಗಿರಲಿಲ್ಲ.

ಹರಳಿನ ಚಿತ್ರ ನಮಗೆ ಹೇಳುವುದು ಇಷ್ಟೇ. ಈ ಕಿಣ್ವದ ಗುಳಿ ಅಗಲ, ಅದರ ಹಿಡಿತ ಗಟ್ಟಿ, ಅದನ್ನು ಮುಚ್ಚುವ ಔಷಧ ಬಂದರೂ ಇನ್ನೊಂದು ರೂಪಾಂತರ ಬರುತ್ತದೆ. ಹಾಗಾಗಿ ಗೆಲ್ಲುವ ದಾರಿ ಗುಳಿಯಲ್ಲಿ ಮಾತ್ರ ಇಲ್ಲ. ಜೀನ್ ಹರಿದಾಡುವ ನೀರಿನಲ್ಲಿದೆ. ಒಳಚರಂಡಿ, ಶುದ್ಧ ನಲ್ಲಿ ನೀರು, ಆಸ್ಪತ್ರೆಯಲ್ಲಿ ಕೈತೊಳೆಯುವ ವ್ಯವಸ್ಥೆ, ಕಾರ್ಖಾನೆಯ ತ್ಯಾಜ್ಯಕ್ಕೆ ಮಿತಿ, ಜಿಲ್ಲಾಸ್ಪತ್ರೆಯಲ್ಲಿ ಒಂದು ಒಳ್ಳೆಯ ಲ್ಯಾಬ್. ಇದ್ಯಾವುದೂ ರಾಕೆಟ್ ವಿಜ್ಞಾನವಲ್ಲ, ಬಜೆಟ್ಟಿನ ವಿಷಯ. ಸ್ಥಳೀಯ ಸಂಸ್ಥೆ ಚುನಾವಣೆಯಲ್ಲಿ ಓಟು ಕೇಳಿಕೊಂಡು ಮನೆ ಬಾಗಿಲಿಗೆ ಬಂದವರಿಗೆ ಕೇಳಬೇಕಾದ ವಿಷಯ.

ಇದೇ ಜೀನ್ ಆರ್ಕ್‌ಟಿಕ್ ಪ್ರದೇಶದ ಸ್ವಾಲ್‌ಬಾರ್ಡ್‌ನ ಮಣ್ಣಿನಲ್ಲೂ ಸಿಕ್ಕಿದೆ ಎಂದು 2019ರಲ್ಲಿ ವರದಿಯಾಯಿತು. ಆ ಹಿಮದ ನಾಡಿಗೂ ಅದು ಮುಟ್ಟಿತು. ಹೆಸರಿನಲ್ಲಿ ದೆಹಲಿ ಇರಲಿ, ಇಲ್ಲದಿರಲಿ, ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಅವಮಾನ ಆಗಬೇಕಿದ್ದರೆ ಆಗಬೇಕಿದ್ದದ್ದು ಹೆಸರಿಗಲ್ಲ, ಆ ಎರಡು ನಲ್ಲಿಗಳ ನೀರಿಗೆ.